ಕಾಗೆ ಮುಟ್ಟಿದ ಪದ

ತಿಂಗಳಲ್ಲಿ ಮೂರು ದಿನ ನಮ್ಮತ್ತೆ ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಒಬ್ಬಳೇ ಕೂತಿರುತ್ತಿದ್ದಳು. ಪಕ್ಕದಲ್ಲಿ ಅವಳಿಗೆಂದೇ ಎತ್ತಿಟ್ಟ ತಟ್ಟೆ, ಲೋಟ. ನಾನು ಓಡಿಹೋಗಿ ತೊಡೆಯೇರಲು ನೋಡಿದರೆ ಅಜ್ಜಿ ಒಳಗಿನಿಂದ ಕೂಗುತ್ತಿದ್ದರು: "ಮುಟ್ಟಬೇಡ್ವೇ, ಅವಳನ್ನ ಕಾಗೆ ಮುಟ್ಟಿದೆ!" ನಾನು ತೆಂಗಿನ ಮರದ ತುದಿಯಲ್ಲಿ ಆ ಕಾಗೆಯನ್ನು ಹುಡುಕುತ್ತಿದ್ದೆ.

ಕಾಗೆ ಇದ್ದದ್ದು ಮಾತಿನೊಳಗೆ. ಮುಟ್ಟು ಎಂದರೆ ತಾಗು. ಕಾಗದ ಕೈಗೆ ಮುಟ್ಟುತ್ತದೆ, ಮಾತು ಮನಸ್ಸಿಗೆ ಮುಟ್ಟುತ್ತದೆ, ಕತ್ತಲಾಗುವ ಮುಂಚೆ ಊರು ಮುಟ್ಟುತ್ತೇವೆ. ನೇಗಿಲು, ಕುಂಟೆ, ಕುಡುಗೋಲುಗಳೂ ಬೇಸಾಯದ ಮುಟ್ಟುಗಳೇ. ಇಷ್ಟು ಹತ್ತಿರದ ಪದ ಹೆಣ್ಣಿನ ತಿಂಗಳ ಸ್ರಾವಕ್ಕೆ ಹೆಸರಾದಾಗ ಮಾತ್ರ ದೂರ ನಿಲ್ಲು ಎನ್ನುತ್ತದೆ. ನೆರೆಯವರಲ್ಲೂ ಹೀಗೇ. ತೆಲುಗಿನಲ್ಲೂ ಅದು ಮುಟ್ಟೇ. ತಮಿಳಿನ ತೀಟ್ಟು, ಮಲಯಾಳದ ತೀಂಡಾರಿ ಎರಡರ ಹಿಂದೆಯೂ ಇರುವುದು ತೀಂಡು, ಅಂದರೆ ಮತ್ತೆ ಮುಟ್ಟು. ಮೈಯಲ್ಲಿ ಆಗುವುದೇನೆಂದು ಈ ಪದಗಳು ಹೇಳುವುದೇ ಇಲ್ಲ. ಸುತ್ತ ನಿಂತವರ ಅಂಜಿಕೆಯನ್ನಷ್ಟೇ ಹೇಳುತ್ತವೆ.

ಸಂಸ್ಕೃತ ಬೇರೆ ದಾರಿ ಹಿಡಿಯಿತು. ಋತು ಎಂದರೆ ತಕ್ಕ ಕಾಲ; ವಸಂತಕ್ಕೂ ಹೆಣ್ಣಿಗೂ ಅದೊಂದೇ ಪದ. ರಜಸ್ಸು ಧೂಳೂ ಹೌದು, ಹೂವಿನ ಪರಾಗವೂ ಹೌದು. ಅಮರಕೋಶ ರಜಸ್ಸು, ಪುಷ್ಪ, ಆರ್ತವ ಮೂರನ್ನೂ ಒಂದೇ ಅರ್ಥದಲ್ಲಿ ಜೋಡಿಸಿಡುತ್ತದೆ. ಮುಟ್ಟಾದವಳು ಪುಷ್ಪವತಿ! ಎಷ್ಟು ಚೆಂದದ ಮಾತು. ಆದರೆ ಹೂವಿನ ಹೆಸರು ಅವಳನ್ನು ಒಳಗೆ ಕರೆದುಕೊಳ್ಳಲಿಲ್ಲ. ತೈತ್ತಿರೀಯ ಸಂಹಿತೆಯ ಕತೆಯಲ್ಲಿ ದೇವತೆಗಳ ಪುರೋಹಿತ ವಿಶ್ವರೂಪನನ್ನು ಕೊಂದವನು ಇಂದ್ರ. ಆ ಪಾಪವನ್ನು ಭೂಮಿ, ಮರ, ಹೆಣ್ಣು ಹಂಚಿಕೊಂಡರು. ಹೆಣ್ಣಿನ ಪಾಲೇ ಮುಟ್ಟಾಯಿತಂತೆ. ಕೊಲೆ ಒಬ್ಬನದು, ಜಗಲಿ ಇನ್ನೊಬ್ಬಳಿಗೆ. 12ನೇ ಶತಮಾನದ ಶರಣರು ರಜಸ್ಸೂತಕವನ್ನೂ ಸೇರಿಸಿ ಐದು ಸೂತಕಗಳನ್ನು ತಳ್ಳಿಹಾಕಿದ್ದು ಎಂಥ ಎದೆಗಾರಿಕೆ ಎಂದು ಆ ಜಗಲಿಯನ್ನು ಕಂಡವರಿಗೆ ಗೊತ್ತು.

2025ರಲ್ಲಿ ನಮ್ಮ ರಾಜ್ಯ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ರಜೆ ಒಪ್ಪಿತು. ಋತುಚಕ್ರ ರಜೆ ಎಂದರು ಕೆಲವರು, ಮುಟ್ಟಿನ ರಜೆ ಎಂದರು ಕೆಲವರು. ನನಗೆ ಮುಟ್ಟೇ ಬೇಕು. ಅದು ನಮ್ಮ ಪದ, ಹಿಂದಿನ ಅರ್ಥವೂ ಅದರಲ್ಲಿ ಇನ್ನೂ ಉಸಿರಾಡುತ್ತಿದೆ.

ಮನೆಯ ಮಗು ಕೇಳಿದರೆ, ಗಂಡಾಗಲಿ ಹೆಣ್ಣಾಗಲಿ, ಕಾಗೆಯ ಕತೆ ಹೇಳಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದುಕೊಂಡು, ಮುಟ್ಟು ಎಂದೇ ಹೇಳಿ.