ಮೀಟರ್ ಮುಳ್ಳಿಗೆ ಬೇಕಿದ್ದುದು ಎಣ್ಣೆಯಲ್ಲ

ಕಳೆದ ಜನವರಿಯ ಒಂದು ಬೆಳಿಗ್ಗೆ ಪುಣೆಯ ನಮ್ಮ ಅಪಾರ್ಟ್‌ಮೆಂಟ್‌ನ ಪಾರ್ಕಿಂಗ್‌ನಲ್ಲಿ ಅಪ್ಪನ ರಾಜ್‌ದೂತ್ 350 ಸ್ಟಾರ್ಟ್ ಮಾಡಿದೆ. ಎಂಜಿನ್ ಶುರುವಾಯಿತು, ಆರ್‌ಪಿಎಂ ಮೀಟರ್‌ನ ಮುಳ್ಳು ಮಾತ್ರ ಸೊನ್ನೆಯಲ್ಲೇ ಇತ್ತು. ಆಕ್ಸಿಲರೇಟರ್ ತಿರುಗಿಸಿ ಬಿಟ್ಟೆ. ಎಂಜಿನ್ ಒಮ್ಮೆ ಕೂಗಿ ಸುಮ್ಮನಾದ ಮೇಲೆ ಮುಳ್ಳು ನಿಧಾನಕ್ಕೆ ಎದ್ದು 3 ಸಾವಿರದ ಹತ್ತಿರ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ಕೂತು, ಒಲ್ಲದ ಮನಸ್ಸಿನಿಂದ ಕೆಳಗಿಳಿಯಿತು. ಬಿಸಿಲೇರಿದ ಮೇಲೆ ನೋಡಿದರೆ ಸ್ವಲ್ಪ ಚುರುಕಾಗಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ.

ಈ ಗಾಡಿಯ ಬಗ್ಗೆ ಎರಡು ಮಾತು ಹೇಳಬೇಕು. ಯಮಹಾದ ಆರ್‌ಡಿ 350 ಅನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ಇಲ್ಲಿ ರಾಜ್‌ದೂತ್ ಹೆಸರಿನಲ್ಲಿ ಮಾರಿತು. ಎರಡು ಸಿಲಿಂಡರ್, ಟೂ ಸ್ಟ್ರೋಕ್. ಕೆಳಗಿನ ಆರ್‌ಪಿಎಂನಲ್ಲಿ ಸಾಧುವಿನಂತೆ ಹೋಗುವ ಎಂಜಿನ್ 5–6 ಸಾವಿರದ ಹತ್ತಿರ ಬಂದಾಗ ಬೇರೆಯೇ ಪ್ರಾಣಿಯಾಗುತ್ತದೆ. ಹಾಗಾಗಿ ಇದರಲ್ಲಿ ಆರ್‌ಪಿಎಂ ಮೀಟರ್ ಬರೀ ಅಲಂಕಾರಕ್ಕೆ ಕೂತಿಲ್ಲ. ಅಪ್ಪ ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಹದಿನೈದು ವರ್ಷ ಓಡಿಸಿದರು. ಆಮೇಲೆ ಅದು ಹಿತ್ತಲ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಮೂರು ವರ್ಷದ ಹಿಂದೆ ಗುಜರಿಯವನು ಮನೆ ಬಾಗಿಲಿಗೆ ಬಂದು ರೇಟು ಕೇಳಿದ ದಿನವೇ ನಾನು ಅದನ್ನು ಇಲ್ಲಿಗೆ ತರಿಸಿಕೊಳ್ಳಲು ನಿರ್ಧರಿಸಿದ್ದು. ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನೋಂದಣಿ ಎಂದು ಓಡಾಡಿದ್ದು ಬೇರೆಯೇ ಪುರಾಣ. ಆದರೂ ಪುಣೆಯಲ್ಲಿರುವ ನಾನು ಅದೃಷ್ಟವಂತ. ದೆಹಲಿಯಲ್ಲಿರುವ ನನ್ನ ಸಹಪಾಠಿ ತನ್ನ ತಂದೆಯ ಯೆಜ್ಡಿಯನ್ನು ಅಲ್ಲಿಗೆ ಒಯ್ಯುವ ಯೋಚನೆಯನ್ನೇ ಬಿಟ್ಟ, ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ನಿರ್ಬಂಧ.

ಈಗ ಮುಳ್ಳಿನ ವಿಷಯ. ಈ ಮೀಟರ್‌ಗೆ ಬ್ಯಾಟರಿಯ ಹಂಗಿಲ್ಲ. ಎಂಜಿನ್‌ನಿಂದ ಬರುವ ಕೇಬಲ್ ಒಳಗಿರುವ ಪುಟ್ಟ ಆಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ, ಎಲ್ಲೂ ತಾಕದಂತೆ, ತೆಳುವಾದ ಅಲ್ಯೂಮಿನಿಯಂ ಬಟ್ಟಲು. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಎಡ್ಡಿ ಕರೆಂಟ್ ಹುಟ್ಟಿ, ಬಟ್ಟಲು ತಾನೂ ಹಿಂದೆ ಹೋಗಲು ಹವಣಿಸುತ್ತದೆ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಈ ಹಗ್ಗಜಗ್ಗಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಹಳೆಯ ಸ್ಪೀಡೋಮೀಟರ್‌ಗಳೂ ಇದೇ ಜಾತಿ.

ನಾನು ಎಂಟೆಕ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವನು. ಇದರ ಸಮೀಕರಣ ಬರೆದುಕೊಡು ಎಂದರೆ ಈಗಲೂ ಬರೆದುಕೊಡಬಲ್ಲೆ. ಆದರೆ ಮಾಡಿದ್ದೇನು? ಮೊದಲು ಹೊಸ ಕೇಬಲ್ ಹಾಕಿದೆ. ಏನೂ ಬದಲಾಗಲಿಲ್ಲ. ಕೇಬಲ್ ಒಣಗಿದ್ದರೆ ಅಥವಾ ಮಡಚಿಕೊಂಡಿದ್ದರೆ ಮುಳ್ಳು ನಡುಗುತ್ತದೆ, ಹೀಗೆ ಸೋಮಾರಿಯಾಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಚಳಿಗೆ ಜಡವಾಗಿ ಬಿಸಿಲಿಗೆ ಚುರುಕಾಗುತ್ತಿದೆ ಎಂದರೆ ಒಳಗೆಲ್ಲೋ ಹಳೇ ಗ್ರೀಸ್ ಅಂಟಾಗಿದೆ ಎಂದು ಅಲ್ಲಿಗೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎರಡನೆಯದಾಗಿ, ಕೇಬಲ್ ಸೇರುವ ತೂತಿನಿಂದ ಒಳಕ್ಕೆ ಸ್ಪ್ರೇ ಎಣ್ಣೆ ಹೊಡೆದೆ. ಎರಡು ದಿನ ಮುಳ್ಳು ಹೊಸದರಂತೆ ಓಡಿತು. ಮನೆಯಲ್ಲಿ ಜಂಬ ಕೊಚ್ಚಿಕೊಂಡೂ ಆಯಿತು. ಮೂರನೇ ದಿನ ಗಾಜಿನ ಒಳಗೆ ಎಣ್ಣೆಯ ಮಬ್ಬು ಕೂತು, ಐಡ್ಲಿಂಗ್‌ನಲ್ಲೇ ಮುಳ್ಳು 4 ಸಾವಿರ ತೋರಿಸುತ್ತಿತ್ತು. ಆಯಸ್ಕಾಂತಕ್ಕೂ ಬಟ್ಟಲಿಗೂ ನಡುವಿನ ಸಂದಿಗೆ ಎಣ್ಣೆ ಹೋಗಿ, ಗಾಳಿ ಇರಬೇಕಾದ ಕಡೆ ಎಣ್ಣೆಯೇ ಬಟ್ಟಲನ್ನು ಎಳೆದೊಯ್ಯುತ್ತಿತ್ತು.

ಮೂರನೆಯದು ದುಡ್ಡಿನ ತಪ್ಪು. 2,800 ರೂಪಾಯಿ ಕೊಟ್ಟು ನಕಲಿ ಹೊಸ ಮೀಟರ್ ತಂದೆ. ಮುಳ್ಳು ಚಕಚಕ ಓಡಿತು. ಚಾಕಣ್‌ನ ಕಾರ್ಖಾನೆಯೊಂದರಲ್ಲಿರುವ ಗೆಳೆಯ ಬೆಳಕಿನಿಂದ ಆರ್‌ಪಿಎಂ ಅಳೆಯುವ ಉಪಕರಣ ತಂದು, ಕ್ರ್ಯಾಂಕ್ ತುದಿಗೆ ಮಿನುಗುವ ಪಟ್ಟಿ ಅಂಟಿಸಿ ನೋಡಿದ. ಎಂಜಿನ್ 3 ಸಾವಿರದಲ್ಲಿದ್ದಾಗ ಹೊಸ ಮೀಟರ್ 3,700 ಎನ್ನುತ್ತಿತ್ತು. ಅದನ್ನು ಬೇರೆ ಯಾವುದೋ ಗಾಡಿಯ ಗೇರ್ ಅನುಪಾತಕ್ಕೆ ಮಾಡಿದ್ದರು. ನಿಧಾನವಾದರೂ ನಿಜ ಹೇಳುತ್ತಿದ್ದ ಮೀಟರ್ ತೆಗೆದು, ಚುರುಕಾಗಿ ಸುಳ್ಳು ಹೇಳುವುದನ್ನು ಕೂರಿಸಿದ್ದೆ.

ಕೊನೆಗೆ ನಾನಾ ಪೇಠ್‌ಗೆ ಹೋದೆ. ಟೂ ವ್ಹೀಲರ್ ಬಿಡಿಭಾಗಗಳಿಗೆ ಪುಣೆಯವರೆಲ್ಲ ಹೋಗುವ ಜಾಗ ಅದು. ಅಲ್ಲಿ ಒಬ್ಬ ಅಂಗಡಿಯವರು ಹಿಂದಿನ ಗಲ್ಲಿ ತೋರಿಸಿದರು. ಆರಡಿ ಅಗಲದ ಅಂಗಡಿ, ಹಣೆಗೆ ಕಟ್ಟಿಕೊಂಡ ಭೂತಗನ್ನಡಿ, ಅರವತ್ತು ದಾಟಿದ ವಯಸ್ಸು. ನನ್ನ ಹರಕು ಮರಾಠಿ ಕೇಳಿ ಎರಡನೇ ವಾಕ್ಯಕ್ಕೇ, 'ಎಲ್ಲಿಯವರ್ರೀ ನೀವು?' ಎಂದರು. ಇಂಡಿ ಕಡೆಯವರಂತೆ, ಹುಡುಗರಿದ್ದಾಗಲೇ ಪುಣೆಗೆ ಬಂದವರು. ಮೀಟರ್ ಮೂಗಿನ ಹತ್ತಿರ ಹಿಡಿದು, 'ಎಣ್ಣಿ ಯಾಕ ಬಿಟ್ರಿ ಸರ? ಇದಕ್ಕ ಎಣ್ಣಿ ಬ್ಯಾಡಾಗಿತ್ರಿ, ತೊಳಿಬೇಕಾಗಿತ್ತು' ಎಂದರು. ಎಂಟೆಕ್ ವಿಷಯ ಹೇಳದೇ ಇದ್ದುದು ಒಳ್ಳೆಯದಾಯಿತು.

ಅವರು ಕೆಲಸ ಮಾಡಿದ್ದನ್ನು ಪಕ್ಕದ ಸ್ಟೂಲಿನ ಮೇಲೆ ಕೂತು ಪೂರ್ತಿ ನೋಡಿದೆ. ಗಾಜು ಹಿಡಿದಿಟ್ಟ ಲೋಹದ ರಿಮ್ಮನ್ನು ಮೊಂಡು ಸ್ಕ್ರೂಡ್ರೈವರ್‌ನಿಂದ ಸುತ್ತಲೂ ಒಂದೊಂದೇ ಕೂದಲಿನಷ್ಟು ಎತ್ತಿದರು, ಅದಕ್ಕೇ ಇಪ್ಪತ್ತು ನಿಮಿಷ. ಮುಳ್ಳನ್ನು ಸೊನ್ನೆಯ ತಡೆಕಡ್ಡಿಯ ಮೇಲಿಂದ ಮೆಲ್ಲಗೆ ದಾಟಿಸಿ, ಸ್ಪ್ರಿಂಗ್ ಸಡಿಲವಾದಾಗ ಅದು ಎಲ್ಲಿ ನಿಲ್ಲುತ್ತದೆ ಎಂದು ಪೆನ್ಸಿಲ್ ಗುರುತು ಹಾಕಿದರು. ಆ ಗುರುತಿಲ್ಲದೆ ಮುಳ್ಳು ಕಿತ್ತರೆ ಮೀಟರ್ ಮತ್ತೆಂದೂ ಸರಿಯಾಗಿ ಹೇಳುವುದಿಲ್ಲ. ಎರಡು ಚಹಾ ಚಮಚಗಳಿಂದ ಎರಡೂ ಕಡೆ ಸಮವಾಗಿ ಮೀಟಿ ಮುಳ್ಳು ತೆಗೆದರು. ಬಿಳಿ ಪೆಟ್ರೋಲ್‌ನಲ್ಲಿ ಕುಂಚ ಅದ್ದಿ ಬಟ್ಟಲು, ಆಯಸ್ಕಾಂತ, ದಂಡ ಎಲ್ಲ ತೊಳೆದಾಗ ಇಳಿದದ್ದು ಜೋನಿಬೆಲ್ಲದಂಥ ಕಂದು ಅಂಟು. ಕೇಬಲ್‌ಗೆ ಹಚ್ಚಿದ ಗ್ರೀಸ್ ವರ್ಷಾನುಗಟ್ಟಲೆ ಮೇಲಕ್ಕೆ ಹತ್ತಿ ಹತ್ತಿ ಸೇರಿಕೊಂಡಿದ್ದು ಅದು. ಒಣಗಿದ ಮೇಲೆ ಕೇಬಲ್ ಸೇರುವ ದಂಡದ ಬುಷ್‌ಗೆ ಸೂಜಿಯ ತುದಿಯಲ್ಲಿ ವಾಚಿನ ಎಣ್ಣೆ ಒಂದೇ ಚುಕ್ಕೆ. ಬಟ್ಟಲಿನ ಹತ್ತಿರ ಏನೂ ಇಲ್ಲ. ಡ್ರಿಲ್ ಮಷಿನ್‌ಗೆ ಕೇಬಲ್ ತುಂಡು ಸಿಕ್ಕಿಸಿ ತಿರುಗಿಸಿದರು. ಮುಳ್ಳು ಎದ್ದಿತು, ನಿಂತಿತು, ಡ್ರಿಲ್ ಬಿಟ್ಟ ಕೂಡಲೇ ಸೊನ್ನೆಗೆ ಬಿತ್ತು. ಕೇಬಲ್‌ನ ಮೇಲ್ತುದಿಯ ನಾಲ್ಕು ಬೆರಳಷ್ಟು ಭಾಗಕ್ಕೆ ಗ್ರೀಸ್ ಹಚ್ಚಲೇಬಾರದು ಎಂದು ಎರಡು ಸಲ ಹೇಳಿದರು.

ಎರಡು ಗಂಟೆಯ ಕೆಲಸ. 350 ರೂಪಾಯಿ ಕೇಳಿದರು. ನನ್ನ ಬಾಯಿಂದ ತಾನಾಗಿಯೇ ಬಂದದ್ದು, 'ಪಾರ್ಟ್ ಏನೂ ಹಾಕಿಲ್ಲವಲ್ಲ ಕಾಕಾ, 300 ಮಾಡಿ.' ಅವರು ಸುಮ್ಮನೆ ತಲೆಯಾಡಿಸಿ 300 ತೆಗೆದುಕೊಂಡರು.

ಈ ಅಂಕಣಕ್ಕೆ ಬರೆಯಬೇಕೆನಿಸಿದ್ದು ಆ ಐವತ್ತು ರೂಪಾಯಿಯ ಕಾರಣಕ್ಕೆ. ನಾನು ದುಡಿಯುವ ಕಂಪನಿ ನನ್ನ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಗ್ರಾಹಕನಿಗೆ ಬಿಲ್ ಕಳಿಸುತ್ತದೆ. ಮೂರು ದಿನ ಹುಡುಕಿ ಒಂದು ಸಾಲು ಕೋಡ್ ಬದಲಿಸಿದರೆ ಮೂರು ದಿನದ ಬಿಲ್ ಹೋಗುತ್ತದೆ, ಒಂದು ಸಾಲಿನದಲ್ಲ. 'ಹೊಸದೇನೂ ಹಾಕಿಲ್ಲವಲ್ಲ' ಎಂದು ಯಾವ ಗ್ರಾಹಕನೂ ಚೌಕಾಸಿ ಮಾಡಿದ್ದಿಲ್ಲ. ನಕಲಿ ಮೀಟರ್‌ಗೆ 2,800 ಎಣಿಸುವಾಗ ನಾನೂ ಮಾಡಲಿಲ್ಲ, ಅಲ್ಲಿ ಕೈಗೊಂದು ಡಬ್ಬಿ ಬಂದಿತ್ತು. ತೊಳೆದು ಕೊಟ್ಟ ಜ್ಞಾನಕ್ಕೆ ಡಬ್ಬಿ ಇಲ್ಲ, ಹಾಗಾಗಿ ಬೆಲೆಯೂ ಇಲ್ಲ.

ಹಳೆಯ ಕೈಗಳು ಸಿಗುತ್ತಿಲ್ಲ ಎಂದು ಗೊಣಗುವವರಲ್ಲಿ ನಾನೂ ಒಬ್ಬ. ಆದರೆ ಆ ಕಾಕಾ ಹೇಳಿದ ಲೆಕ್ಕ ಬೇರೆ. ಮೊದಲು ಆಟೊಗಳ ಮೆಕ್ಯಾನಿಕಲ್ ಮೀಟರ್‌ನಿಂದ ಮನೆ ನಡೆಯುತ್ತಿತ್ತು. ಎಲೆಕ್ಟ್ರಾನಿಕ್ ಬಂದ ಮೇಲೆ ಅದು ಹೋಯಿತು. ಈಗ ಬರುವುದು ಹಳೇ ಬೈಕಿನ ಶೋಕಿಯವರು, ಅಂದರೆ ನನ್ನಂಥವರು, ಕೈತುಂಬ ಸಂಬಳದವರು. ಮಗ ಡೆಲಿವರಿ ಕೆಲಸಕ್ಕೆ ಹೋಗುತ್ತಾನೆ, 'ಅದರಾಗ ದಿನದ ರೊಕ್ಕ ಗ್ಯಾರಂಟಿ ಐತ್ರಿ.' ಇದರಲ್ಲಿ ಕಾಲವನ್ನು ದೂರುವುದಕ್ಕಿಂತ ಮೊದಲು ನಮ್ಮ ಜೇಬನ್ನು ಕೇಳಬೇಕು.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರುಮಾಡಿತು. ವಾಹನ, ಮೊಬೈಲ್, ಕೃಷಿ ಯಂತ್ರ, ಗೃಹೋಪಯೋಗಿ ವಸ್ತುಗಳ ರಿಪೇರಿ ಮಾಹಿತಿ ಒಂದೆಡೆ ಸಿಗಲಿ ಎಂಬ ಉದ್ದೇಶ. ಒಳ್ಳೆಯದೇ, ನಾನು ವಿರೋಧಿ ಅಲ್ಲ. ಆದರೆ ಮಾಹಿತಿಯ ಕೊರತೆಯಿಂದ ನನ್ನ ಮೀಟರ್ ಹಾಳಾಗಲಿಲ್ಲ. ಬೇಕಾದಷ್ಟು ಮಾಹಿತಿ ನನ್ನ ತಲೆಯಲ್ಲೇ ಇತ್ತು. ಬಿಚ್ಚಿ ನೋಡುವ ತಾಳ್ಮೆ ಇರಲಿಲ್ಲ, ನೋಡಬಲ್ಲವರಿಗೆ ಕೊಡುವ ಬುದ್ಧಿ ಕೊನೆಗೆ ಬಂತು, ಅದೂ ಐವತ್ತು ರೂಪಾಯಿ ಕಡಿತ ಮಾಡಿಕೊಂಡು. ಹೊರರಾಜ್ಯದ ಊರುಗಳಲ್ಲಿ ನಾವು ಎರಡು ತಲೆಮಾರಿಗಾಗುವಷ್ಟು ಸಂಪಾದಿಸುತ್ತಿದ್ದೇವೆ. ಊರಿನ ಶೆಡ್ಡಿನಿಂದ ಅಪ್ಪನ ಗಾಡಿ ತರಿಸಿ ಫೋಟೊ ಹಾಕಿಕೊಳ್ಳುತ್ತೇವೆ. ಅದನ್ನು ಓಡುವಂತೆ ಮಾಡುವವರಿಗೆ ಪಾರ್ಟಿನ ಲೆಕ್ಕ ಬಿಟ್ಟು ಗಂಟೆಯ ಲೆಕ್ಕದಲ್ಲಿ ಕೊಡೋಣ. ಪಾರ್ಟ್ ಬದಲಿಸದೆಯೇ ಸರಿಮಾಡಿದರೆ ಸ್ವಲ್ಪ ಹೆಚ್ಚೇ ಕೊಡೋಣ. ಉಳಿದದ್ದು ನಮ್ಮದೇ ದುಡ್ಡು.

ಆ ಸಂಜೆ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಮೀಟರ್ ತೋರಿಸಿದೆ. 'ರಿಮ್ ಮೇಲೆ ಗೀರು ಬಿದ್ದಿದೆಯಲ್ಲೋ' ಎಂದರು ಮೊದಲು. ಆಮೇಲೆ ಎಷ್ಟಾಯಿತು ಎಂದು ಕೇಳಿದರು. ಹೇಳಿದೆ. ಎರಡು ಗಂಟೆ ಕೂತರಾ ಎಂದರು. ಹೌದು ಎಂದೆ. ಮತ್ತೇನೂ ಹೇಳಲಿಲ್ಲ.

ಬರುವ ಶನಿವಾರ ಮತ್ತೆ ಆ ಗಲ್ಲಿಗೆ ಹೋಗುವುದಿದೆ. 60 ದಾಟಿದರೆ ಸ್ಪೀಡೋಮೀಟರ್ ಮುಳ್ಳು ನಡುಗುತ್ತಿದೆ. ಹಿಂದಿನ ಸಲದ ಐವತ್ತು ರೂಪಾಯಿಯನ್ನು ಅಂಗಿ ಜೇಬಿನಲ್ಲಿ ಬೇರೆಯಾಗಿಯೇ ಇಟ್ಟಿದ್ದೇನೆ. ಎಣ್ಣೆ ಬಿಟ್ಟಿಲ್ಲ.