ಗಣಕ ಜಾಲದ ಸ್ವಯಂಚಾಲಿತ ನಿರ್ವಹಣೆ: ಕಚೇರಿ ಮುಖ್ಯಸ್ಥರು ಗಮನಿಸಬೇಕಾದ ಅಂಶಗಳು

ಹುಣಸೂರು ಉಪವಿಭಾಗದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ದಸ್ತಾವೇಜು ನೋಂದಣಿ ಮುಂತಾದ ಸೇವೆಗಳು ಗಣಕ ಜಾಲವನ್ನು ಅವಲಂಬಿಸಿವೆ. ಜಾಲ ಸ್ಥಗಿತಗೊಂಡಲ್ಲಿ, ಕೇರಳ ಗಡಿಯಂಚಿನ ಡಿ.ಬಿ. ಕುಪ್ಪೆಯಿಂದ ತಾಲ್ಲೂಕು ಕೇಂದ್ರಕ್ಕೆ ಬಂದ ರೈತನಿಗೆ ಒಂದು ದಿನದ ದುಡಿಮೆ ನಷ್ಟವಾಗುತ್ತದೆ.

ವ್ಯವಸ್ಥೆಯ ಸ್ವರೂಪ

ಕೇಂದ್ರ ಸರ್ಕಾರವು 2005ರಲ್ಲಿ ಅನುಮೋದಿಸಿದ ರಾಜ್ಯವ್ಯಾಪಿ ಜಾಲ ಯೋಜನೆಯು ರಾಜಧಾನಿ, ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳನ್ನು ಕನಿಷ್ಠ 2 ಎಂಬಿಪಿಎಸ್ ವೇಗದಲ್ಲಿ ಜೋಡಿಸುವ ಉದ್ದೇಶ ಹೊಂದಿತ್ತು. ಕರ್ನಾಟಕದಲ್ಲಿ ಈ ಜಾಲಕ್ಕೆ ಕೆಸ್ವಾನ್ ಎಂದು ಹೆಸರು. ಇಂತಹ ವಿಸ್ತಾರವಾದ ಜಾಲದ ಪ್ರತಿಯೊಂದು ಉಪಕರಣವನ್ನೂ ಸಿಬ್ಬಂದಿ ಖುದ್ದಾಗಿ ಪರಿಶೀಲಿಸುವುದು ಸಾಧ್ಯವಿಲ್ಲ. ಆದ್ದರಿಂದ ನಿರ್ವಹಣಾ ತಂತ್ರಾಂಶವು ಕೆಲವು ನಿಮಿಷಗಳಿಗೊಮ್ಮೆ ಪ್ರತಿ ರೂಟರ್‌ನಿಂದ ಸ್ಥಿತಿಯ ವರದಿ ಪಡೆಯುತ್ತದೆ. ಉತ್ತರ ಬಾರದಿದ್ದಲ್ಲಿ ಎಚ್ಚರಿಕೆ ನೀಡಿ, ದೂರನ್ನು ತಾನೇ ದಾಖಲಿಸುತ್ತದೆ. ಪರ್ಯಾಯ ಮಾರ್ಗವಿದ್ದಲ್ಲಿ ಸಂಪರ್ಕವು ಅದಕ್ಕೆ ತಾನಾಗಿಯೇ ಬದಲಾಗುವಂತೆಯೂ ವ್ಯವಸ್ಥೆ ಮಾಡಬಹುದು.

ಶೇಕಡಾವಾರು ಲೆಕ್ಕ

ಮಾಸಿಕ ವರದಿಯಲ್ಲಿ "ಲಭ್ಯತೆ ಶೇ. 99" ಎಂದಿದ್ದರೆ ತೃಪ್ತಿಕರವೆನಿಸುವುದು ಸಹಜ. ಆದರೆ 30 ದಿನಗಳ 720 ಗಂಟೆಗಳಲ್ಲಿ ಶೇ. 1 ಎಂದರೆ 7 ಗಂಟೆ 12 ನಿಮಿಷ. ಈ ಸ್ಥಗಿತವು ಪೂರ್ಣವಾಗಿ ಕಚೇರಿ ವೇಳೆಯಲ್ಲಿಯೇ ಸಂಭವಿಸಿದ್ದಲ್ಲಿ, ಸುಮಾರು ಒಂದು ಕೆಲಸದ ದಿನವೇ ಕಳೆದಂತೆ. ದಿನಕ್ಕೆ 7.5 ಗಂಟೆಯಂತೆ 24 ಕೆಲಸದ ದಿನಗಳನ್ನು ಮಾತ್ರ ಪರಿಗಣಿಸಿದರೆ ಅದೇ ಲಭ್ಯತೆ ಶೇ. 96ಕ್ಕೆ ಇಳಿಯುತ್ತದೆ. ರಾತ್ರಿ ಸುಗಮವಾಗಿದ್ದ ಜಾಲದಿಂದ ಹಗಲು ಸಾಲಿನಲ್ಲಿ ನಿಂತವರಿಗೆ ಪ್ರಯೋಜನವಿಲ್ಲ.

ಯಂತ್ರಕ್ಕೆ ಕಾಣದ ಸಂಗತಿಗಳು

ಕೇಬಲ್ ತುಂಡಾದರೂ, ಕಚೇರಿಯ ವಿದ್ಯುತ್ ಕಡಿತಗೊಂಡು ಯುಪಿಎಸ್ ಬರಿದಾದರೂ ತಂತ್ರಾಂಶಕ್ಕೆ ಸಾಮಾನ್ಯವಾಗಿ ಕಾಣುವುದು "ಉತ್ತರವಿಲ್ಲ" ಎಂಬುದಷ್ಟೇ. ಮೊದಲನೆಯದರ ದುರಸ್ತಿ ಸಂಪರ್ಕ ಒದಗಿಸುವ ಸಂಸ್ಥೆಯಿಂದ, ಎರಡನೆಯದರ ಪರಿಹಾರ ಬಹುಮಟ್ಟಿಗೆ ಕಚೇರಿಯಿಂದಲೇ ಆಗಬೇಕು.

ಸಂಪರ್ಕ ಸರಿಯಿದ್ದ ಮಾತ್ರಕ್ಕೆ ಸೇವೆ ದೊರೆಯುತ್ತದೆ ಎಂದೂ ಹೇಳಲಾಗದು. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ನಕಲಿ ಖಾತೆಗಳ ಮೂಲಕ ಋಣಭಾರ ಪತ್ರದ ಹುಡುಕಾಟದ ಕೋರಿಕೆಗಳನ್ನು ಭಾರಿ ಸಂಖ್ಯೆಯಲ್ಲಿ ಹರಿಸಲಾಗಿ, ರಾಜ್ಯದಾದ್ಯಂತ ನೋಂದಣಿ ಕಾರ್ಯಕ್ಕೆ ಅಡಚಣೆಯುಂಟಾಯಿತು. ಅಲ್ಲಿ ತೊಂದರೆ ಇದ್ದುದು ತಾಲ್ಲೂಕು ಕಚೇರಿಯ ಕೇಬಲ್‌ನಲ್ಲಿ ಅಲ್ಲ.

ಮುಖ್ಯಸ್ಥರ ಪಾತ್ರ

ತಾಂತ್ರಿಕ ಪರಿಣತಿ ಇಲ್ಲದ ಅಧಿಕಾರಿಯೂ ಈ ಕೆಳಕಂಡ ಕ್ರಮ ಕೈಗೊಳ್ಳಬಹುದಾಗಿದೆ:

1. ಕಚೇರಿ ವೇಳೆಯ ಲಭ್ಯತೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯುವುದು.
2. ವಿದ್ಯುತ್ ಕಡಿತದ ಆರಂಭ ಹಾಗೂ ಅಂತ್ಯದ ವೇಳೆಯನ್ನು ವಹಿಯಲ್ಲಿ ನಮೂದಿಸುವುದು.
3. ಸೇವೆ ದೊರೆಯದೆ ಹಿಂತಿರುಗಿದ ಅರ್ಜಿದಾರರ ಸಂಖ್ಯೆಯನ್ನು ಕೌಂಟರ್‌ನಲ್ಲಿ ಪ್ರತಿದಿನ ದಾಖಲಿಸುವುದು.

ನಗದು ಪುಸ್ತಕವನ್ನು ಬ್ಯಾಂಕ್ ಪಟ್ಟಿಯೊಂದಿಗೆ ತಾಳೆ ನೋಡುವಂತೆ, ಯಂತ್ರದ ವರದಿಯನ್ನು ಈ ವಹಿಗಳೊಂದಿಗೆ ಪ್ರತಿ ತಿಂಗಳು ತಾಳೆ ನೋಡತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ವಿವರಣೆ ಕೇಳುವುದು ಮುಖ್ಯಸ್ಥರ ಹೊಣೆಯಾಗಿರುತ್ತದೆ.