ಮನೆಗೂ ಪಂದ್ಯಕ್ಕೂ ಒಂದೇ ಕಾರು

ಹೊಸ ಸ್ಪ್ರಿಂಗು ಹಾಕಿಸಿಕೊಂಡ ಕಾರು ಮನೆಯ ಮುಂದೆ ಬಂದು ನಿಂತಾಗ ನೋಡುವವರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಗಾಲಿಗೂ ಅದರ ಮೇಲಿನ ತಗಡಿನ ಅಂಚಿಗೂ ನಡುವೆ ಮೊದಲು ನಾಲ್ಕು ಬೆರಳು ಹಿಡಿಯುತ್ತಿದ್ದ ಸಂದಿನಲ್ಲಿ ಈಗ ಎರಡು ಬೆರಳೂ ಹಿಡಿಯವು. ಹೊಂಚುಹಾಕಿ ಕುಳಿತ ಚಿರತೆಯ ಠೀವಿ! ಮನೆಯ ಮಗ ಸುತ್ತಲೂ ನಾಲ್ಕು ಪ್ರದಕ್ಷಿಣೆ ಹಾಕಿ ನೋಡಿ ಆನಂದಪಡುತ್ತಾನೆ. ಅಷ್ಟರಲ್ಲಿ ಭಾನುವಾರ ಬರುತ್ತದೆ. ತುಮಕೂರಿನ ನೆಂಟರ ಗೃಹಪ್ರವೇಶಕ್ಕೆ ಹೊರಡಬೇಕು. ಮುಂದಿನ ಸೀಟಿನಲ್ಲಿ ಹೆಂಡತಿ, ಹಿಂದೆ ತಾಯಿ. ಕಾರು ಯಶವಂತಪುರ ದಾಟುವುದರೊಳಗಾಗಿಯೇ ತಾಯಿಯ ಪ್ರಶ್ನೆ ಕೇಳಿಬರುತ್ತದೆ.

"ಏನಪ್ಪಾ, ಇದಕ್ಕೆ ಏನು ಮಾಡಿಸಿದೆ? ಜಟಕಾದಲ್ಲಿ ಕೂತ ಹಾಗಿದೆಯಲ್ಲ!"

"ಜಟಕಾ ಆಗಿದ್ದರೆ ಕುದುರೆಯಾದರೂ ಹಳ್ಳ ನೋಡಿ ಕಾಲಿಡುತ್ತಿತ್ತು, ಅತ್ತೆ" ಎಂದು ಸೊಸೆ ಸೇರಿಸುತ್ತಾಳೆ.

ಚಿತ್ರ ಕಲ್ಪಿತವಾದರೂ ಬೆಂಗಳೂರಿನಲ್ಲಿ ಇಂತಹ ಮನೆಗಳು ಅಪರೂಪವಲ್ಲ. ವೇಗದ ಹವ್ಯಾಸವುಳ್ಳ ತರುಣರಿಗೆ ಇಲ್ಲಿಂದ ಒಂದು ಮುಂಜಾವಿನ ಪ್ರಯಾಣದ ದೂರದಲ್ಲಿ, ಚೆನ್ನೈ ಹೆದ್ದಾರಿಯ ಬದಿಗೆ, ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ 1990ರಿಂದ ಒಂದು ಪಂದ್ಯಪಥವಿದೆ. ಅದಕ್ಕೆ ಮುನ್ನ ಮದರಾಸಿನ ಪಂದ್ಯಗಳು ಷೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದವು. ಇರುಂಗಾಟ್ಟುಕೋಟ್ಟೈನ ಸುತ್ತಿನ ಉದ್ದ ಸುಮಾರು 3.7 ಕಿಲೋಮೀಟರು; ತಿರುವುಗಳು 12. ಕೊಯಮತ್ತೂರಿನ ಬಳಿ 2003ರಲ್ಲಿ ಆರಂಭವಾದ ಕರಿ ಮೋಟಾರ್ ಸ್ಪೀಡ್‌ವೇ ಇದಕ್ಕಿಂತ ಚಿಕ್ಕದು, 2.1 ಕಿಲೋಮೀಟರು. ಇಂತಹ ಪಥಗಳಲ್ಲಿ ಗೊತ್ತುಪಡಿಸಿದ ದಿನಗಳಂದು ಶುಲ್ಕ ತೆತ್ತು, ಶಿರಸ್ತ್ರಾಣ ಧರಿಸಿ, ಸ್ವಂತ ಕಾರನ್ನೇ ಓಡಿಸಬಹುದು. ಶನಿವಾರ ಆ ಪಥದಲ್ಲಿ ಓಡಿದ ಕಾರೇ ಸೋಮವಾರ ಕಚೇರಿಗೂ ತರಕಾರಿ ಅಂಗಡಿಗೂ ಹೋಗಬೇಕು. ತೊಡಕಿರುವುದೇ ಇಲ್ಲಿ.

ಪಂದ್ಯದ ಕಾರು ಗಡುಸಾಗಿರುತ್ತದೆ. ಆದ್ದರಿಂದ ಗಡುಸಾದ ಕಾರು ಪಂದ್ಯಕ್ಕೆ ಯೋಗ್ಯ: ಇದು ತರುಣರ ತರ್ಕ. ಗಡುಸಿನಿಂದ ದೊರೆಯುವುದೇನು, ಕಳೆದುಹೋಗುವುದೇನು ಎಂದು ಒಂದು ಸರಳ ಲೆಕ್ಕದಿಂದ ನೋಡಬಹುದು. ಕಾರಿನ ಮುಂದಿನ ಒಂದು ಗಾಲಿಯ ಸ್ಪ್ರಿಂಗಿನ ಮೇಲೆ 300 ಕಿಲೋ ಭಾರ ಕೂತಿದೆಯೆಂದು ಇಟ್ಟುಕೊಳ್ಳಿ. ಒಂದು ಮಿಲಿಮೀಟರು ಕುಗ್ಗಿಸಲು 2 ಕಿಲೋ ಭಾರ ಬೇಕಾಗುವ ಸ್ಪ್ರಿಂಗು ಅಲ್ಲಿದ್ದರೆ, ನಿಂತಲ್ಲಿಯೇ ಅದು 150 ಮಿಲಿಮೀಟರು ಕುಗ್ಗಿರುತ್ತದೆ. ಅಂತಹ ಕಾರನ್ನು ಒಮ್ಮೆ ಒತ್ತಿ ಬಿಟ್ಟರೆ ನಿಮಿಷಕ್ಕೆ ಸುಮಾರು 77 ಸಲದಂತೆ ತೂಗುತ್ತದೆ. ನಿಧಾನವಾಗಿ ನಡೆಯುವವನ ಹೆಜ್ಜೆಯ ಲಯವೂ ಇದರ ಆಸುಪಾಸಿನದೇ. ಆದ್ದರಿಂದ ಮೈಗೆ ಅದು ಹಿತ. ಅದೇ ಸ್ಥಳದಲ್ಲಿ ಪಂದ್ಯಕ್ಕೆಂದು 6 ಕಿಲೋ ಸ್ಪ್ರಿಂಗನ್ನು ಕೂರಿಸಿದರೆ ಅದು ಕುಗ್ಗುವುದು 50 ಮಿಲಿಮೀಟರು ಮಾತ್ರ. ತೂಗಾಟ ನಿಮಿಷಕ್ಕೆ 134ಕ್ಕೆ ಏರುತ್ತದೆ. ಇದು ನಡಿಗೆಯಲ್ಲ, ಓಟದ ಲಯ. ಹಿಂದಿನ ಸೀಟಿನ ತಾಯಿ ಜಟಕಾವನ್ನು ನೆನೆದದ್ದರಲ್ಲಿ ಆಶ್ಚರ್ಯವೇನಿದೆ?

ಸುಖದ ಮಾತನ್ನು ಬದಿಗಿಟ್ಟರೂ ಆ 50 ಮಿಲಿಮೀಟರಿನ ಸಂಗತಿ ಉಳಿಯುತ್ತದೆ. ಗಾಲಿ ಹಳ್ಳಕ್ಕೆ ಇಳಿಯುವಾಗ ಅದನ್ನು ನೆಲಕ್ಕೆ ಒತ್ತಿಹಿಡಿಯುವುದು ಕುಗ್ಗಿದ ಸ್ಪ್ರಿಂಗು ಮತ್ತೆ ಹಿಗ್ಗುವ ಬಲ. ಐವತ್ತೇ ಮಿಲಿಮೀಟರು ಕುಗ್ಗಿದ ಸ್ಪ್ರಿಂಗು ಐವತ್ತೇ ಮಿಲಿಮೀಟರು ಹಿಗ್ಗಬಲ್ಲದು. ಮಳೆಗಾಲ ಕಳೆದ ಬೆಂಗಳೂರಿನಲ್ಲಿ ಅದಕ್ಕಿಂತ ಆಳದ ಹಳ್ಳವಿಲ್ಲದ ಬೀದಿ ಯಾವುದು? ಆ ಆಳ ಮೀರಿದೊಡನೆ ಒತ್ತುವ ಬಲ ಉಡುಗಿ, ಟೈರು ನೆಲವನ್ನು ಬಿಡುತ್ತದೆ. ಅದೇ ಕ್ಷಣದಲ್ಲಿ ಎದುರಿಗೆ ಮಗುವೊಂದು ಓಡಿಬಂದು ಬ್ರೇಕು ಒತ್ತಬೇಕಾಗಿ ಬಂದರೆ? ನೆಲ ಮುಟ್ಟದ ಗಾಲಿಗೆ ಎಂತಹ ಬ್ರೇಕು ಇದ್ದರೇನು! ಪಂದ್ಯಪಥದಲ್ಲಿ ಸುರಕ್ಷಿತವೆನಿಸುವ ಕಾರು ಬೀದಿಯಲ್ಲಿ ಮೊದಲಿಗಿಂತ ಅಪಾಯಕಾರಿಯಾಗಬಲ್ಲದೆಂಬುದನ್ನು ಬಹುಮಂದಿ ನೆನೆಯುವುದೇ ಇಲ್ಲ.

ಹಾಗಾದರೆ ಗಡುಸಿನಿಂದ ಲಾಭವೇ ಇಲ್ಲವೆ? ಉಂಟು. ತಿರುವಿನಲ್ಲಿ ಕಾರಿನ ಮೈ ಹೊರಬದಿಗೆ ವಾಲುವುದು ಕಡಿಮೆಯಾಗುತ್ತದೆ. ಬ್ರೇಕು ಒತ್ತಿದಾಗ ಮೂಗು ನೆಲಕ್ಕೆ ಬಾಗುವುದೂ ಕಡಿಮೆಯಾಗುತ್ತದೆ. ಚುಕ್ಕಾಣಿ ತಿರುಗಿಸಿದೊಡನೆ ಕಾರು ಉತ್ತರ ಕೊಡುತ್ತದೆ. ಆದರೆ ತಿರುವಿನಲ್ಲಿ ಒಳಗಾಲಿಗಳಿಂದ ಹೊರಗಾಲಿಗಳಿಗೆ ವರ್ಗವಾಗುವ ಒಟ್ಟು ಭಾರವನ್ನು ಸ್ಪ್ರಿಂಗು ಕಡಿಮೆ ಮಾಡುತ್ತದೆಂದು ತಿಳಿಯುವುದು ತಪ್ಪು. ಅದನ್ನು ನಿರ್ಧರಿಸುವುದು ಕಾರಿನ ತೂಕ, ಅದರ ಗುರುತ್ವಕೇಂದ್ರದ ಎತ್ತರ, ಗಾಲಿಗಳ ನಡುವಣ ಅಗಲ ಮತ್ತು ತಿರುಗುವ ರಭಸ. ವಾಲುವುದು ಕಣ್ಣಿಗೆ ಕಾಣುತ್ತದೆ, ಭಾರ ಕಾಣುವುದಿಲ್ಲ; ಆದ್ದರಿಂದ ಈ ಭ್ರಮೆ.

ಎತ್ತರ ತಗ್ಗಿಸಿದರೆ ಗುರುತ್ವಕೇಂದ್ರವೂ ತಗ್ಗುವುದಲ್ಲವೆ ಎಂದು ಕೇಳಬಹುದು. ತಗ್ಗುತ್ತದೆ, ನಿಜ. ಆದರೆ ನಮ್ಮ ಬೀದಿಗಳಲ್ಲಿ ಓಡುವ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಸಾಮಾನ್ಯವಾಗಿ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರನ ಹೆಸರಿನ ಕಂಬದಂತಹ ವ್ಯವಸ್ಥೆ. ಅದರಲ್ಲಿ ಗಾಲಿಯನ್ನು ಹಿಡಿದಿರುವ ಕೆಳಗಿನ ತೋಳು ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿರುವಂತೆ ಕಾರ್ಖಾನೆಯವರು ಕೂರಿಸಿರುತ್ತಾರೆ. ಕಾರನ್ನು ಅತಿಯಾಗಿ ತಗ್ಗಿಸಿದರೆ ಆ ತೋಳಿನ ಹೊರತುದಿ ಮೇಲಕ್ಕೆ ಬಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವಕೇಂದ್ರಕ್ಕಿಂತಲೂ ವೇಗವಾಗಿ ಕೆಳಗೆ ಜಾರುತ್ತದೆ. ಫಲವಾಗಿ, ಸ್ಪ್ರಿಂಗು ಅಷ್ಟೇ ಮೃದುವಾಗಿದ್ದರೆ, ತಗ್ಗಿಸಿದ ಕಾರು ಮೊದಲಿಗಿಂತ ಹೆಚ್ಚಾಗಿಯೇ ವಾಲಬಹುದು! ಇದರ ಮೇಲೆ ಗಾಲಿ ಮೇಲೇಳಲು ಇರುವ ಅವಕಾಶವೂ ಕಿರಿದಾಗುತ್ತದೆ. ವೇಗದ ತಿರುವಿನ ನಡುವೆ ಒಳಗಿನ ರಬ್ಬರ್ ತಡೆಗೆ ಕಂಬ ಬಡಿದರೆ ಆ ಗಾಲಿಯ ಪಾಲಿಗೆ ಸ್ಪ್ರಿಂಗು ಇಲ್ಲದಂತೆಯೇ ಸರಿ. ಹಿಡಿತ ತಟ್ಟನೆ ಹಾರಿ ಕಾರು ಜಾರುತ್ತದೆ. ಬೀದಿಯಲ್ಲಾದರೋ ಉಬ್ಬುಗಳ ಕಾಟ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂತ್ರದಂತೆ ರಸ್ತೆಯುಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರದ ಸೌಮ್ಯವಾದ ದಿಬ್ಬವಾಗಿರಬೇಕು. ಬಡಾವಣೆಯ ಉತ್ಸಾಹಿಗಳು ರಾತ್ರೋರಾತ್ರಿ ಎಬ್ಬಿಸುವ ಒಡ್ಡುಗಳು ಆ ಸೂತ್ರವನ್ನು ಓದಿಲ್ಲ.

ಬುದ್ಧಿವಂತರು ಮೊದಲು ನೋಡುವುದು ಸ್ಪ್ರಿಂಗನ್ನಲ್ಲ, ಷಾಕ್ ಅಬ್ಸಾರ್ಬರನ್ನು. ಸ್ಪ್ರಿಂಗು ಭಾರ ಹೊರುತ್ತದೆ. ಪೆಟ್ಟನ್ನು ಒಳಗಿಟ್ಟುಕೊಂಡು ಮತ್ತೆ ಹಿಂದಿರುಗಿಸುತ್ತದೆ. ಆ ಹಿಂದಿರುಗುವಿಕೆಗೆ ಕಡಿವಾಣ ಹಾಕುವುದು ಷಾಕ್ ಅಬ್ಸಾರ್ಬರು. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುವಾಗ ತೂಗಾಟದ ಶಕ್ತಿ ಶಾಖವಾಗಿ ಕರಗುತ್ತದೆ. ಸ್ಪ್ರಿಂಗಿನ ಗಡುಸು ಮೂರು ಪಟ್ಟಾದರೆ ಕಡಿವಾಣವೂ ಸುಮಾರು 1.7 ಪಟ್ಟು ಬಿಗಿಯಾಗಬೇಕು. ಹಳೆಯ ಷಾಕ್ ಅಬ್ಸಾರ್ಬರಿನ ಮೇಲೆ ಗಡುಸು ಸ್ಪ್ರಿಂಗನ್ನು ಕೂರಿಸುವುದೆಂದರೆ ಮುದಿ ಮಾವುತನ ಕೈಗೆ ಮದದಾನೆಯನ್ನು ಕೊಟ್ಟಂತೆ. ಸ್ಪ್ರಿಂಗೊಂದೇ ಅಗ್ಗವೆಂದು ಅದನ್ನೇ ಕೊಳ್ಳುವವರು ಮಾಡುವುದು ಇದನ್ನೇ.

ಪಂದ್ಯಪಥದಲ್ಲಿ ಸುತ್ತಿನ ಮೇಲೆ ಸುತ್ತು ಹಾಕಿದಾಗ ಎಣ್ಣೆ ಕಾದು, ನೊರೆಯೆದ್ದು, ಹಿಡಿತ ಸಡಿಲುವುದುಂಟು. ಫ್ರಾನ್ಸಿನ ದ ಕಾರ್ಬೋನ್ ಎಂಬ ವಿಜ್ಞಾನಿ ಇದಕ್ಕೆ ಒಂದು ಉಪಾಯ ಕಂಡುಹಿಡಿದ: ಒಂದೇ ಕೊಳವೆ, ಅದರ ತುದಿಯಲ್ಲಿ ಒತ್ತಡದ ಅನಿಲ, ನಡುವೆ ತೇಲುವ ಬಿರಡೆ. ಒತ್ತಡದಲ್ಲಿರುವ ಎಣ್ಣೆ ನೊರೆಯಾಗದು. ಒಂಟಿ ಕೊಳವೆಯಾದುದರಿಂದ ಶಾಖವೂ ನೇರವಾಗಿ ಗಾಳಿಗೆ ಸೇರುತ್ತದೆ. 1957ರಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಕಾರ್ಖಾನೆ ಮರ್ಸಿಡೀಸ್ ಕಾರುಗಳಿಗಾಗಿ ಇದನ್ನು ತಯಾರಿಸತೊಡಗಿತು. ಊರಿಗೂ ಪಥಕ್ಕೂ ಒಂದೇ ಜೊತೆ ಕೊಳ್ಳುವವರಿಗೆ ಇಂದಿಗೂ ಈ ಬಗೆಯದೇ ಹೆಚ್ಚು ಭರವಸೆಯದು.

ಮೃದುವಾದ ಸ್ಪ್ರಿಂಗಿನಿಂದಲೂ ಚುರುಕಾದ ಕಾರು ಸಾಧ್ಯವೆಂಬುದಕ್ಕೆ ಹಳೆಯ ಸಾಕ್ಷಿಗಳಿವೆ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1962ರಲ್ಲಿ ಹೊರತಂದ ಲೋಟಸ್ ಎಲಾನ್ ಕಾರಿನ ಸ್ಪ್ರಿಂಗುಗಳು ಮೃದು. ಅದರ ತಿರುಗುವ ಜಾಣ್ಮೆ ಮಾತ್ರ ಇಂದಿಗೂ ದಂತಕಥೆ. ಅವನಿಗೂ ಹಿಂದೆ, ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಕ್ಯಾಡಿಲಾಕ್ ಕಾರ್ಖಾನೆಗೆ ಹೋದ ಮಾರಿಸ್ ಆಲಿ ಎಂಬ ಎಂಜಿನಿಯರ್, 1930ರ ದಶಕದ ಆರಂಭದಲ್ಲಿ, ತೂಕದ ಗುಂಡುಗಳನ್ನು ಹಿಂದೆ ಮುಂದೆ ಸರಿಸಬಹುದಾದ ಒಂದು ಕಾರನ್ನೇ ಕಟ್ಟಿ ಸವಾರಿಯ ಸುಖವನ್ನು ಪರೀಕ್ಷಿಸಿದ. ಮುಂದಿನ ಸ್ಪ್ರಿಂಗುಗಳಿಗಿಂತ ಹಿಂದಿನವು ತುಸು ವೇಗವಾಗಿ ತೂಗಿದರೆ ಪ್ರಯಾಣ ಹಿತವೆಂದು ಅವನು ಕಂಡುಕೊಂಡ. ಉಬ್ಬು ಮೊದಲು ಸಿಕ್ಕುವುದು ಮುಂದಿನ ಗಾಲಿಗೆ. ತಡವಾಗಿ ತೂಗಲು ತೊಡಗಿದ ಹಿಂಭಾಗ ಬೇಗ ಬೇಗ ತೂಗಿ ಮುಂಭಾಗವನ್ನು ಹಿಡಿದುಕೊಂಡರೆ ಕಾರು ತಲೆದೂಗದೆ ಸಮವಾಗಿ ಏರಿಳಿಯುತ್ತದೆ. ಮುಂದೆ ಮಾತ್ರ ಗಡುಸು ಮಾಡಿಸಿ ಹಣ ಉಳಿಸಿದೆನೆನ್ನುವವರು ಆಲಿಯ ಈ ಮಾತನ್ನು ತಲೆಕೆಳಗು ಮಾಡಿರುತ್ತಾರೆ.

ಅಂಗಡಿಯಲ್ಲಿ ಕಣ್ಣು ಸೆಳೆಯುವ ಇನ್ನೊಂದು ವಸ್ತು ಕಾಯಿಲೋವರ್: ಮೈಗೆಲ್ಲ ತಿರುಪಿನ ಎಳೆಗಳಿದ್ದು ಎತ್ತರವನ್ನು ಬೇಕಾದಂತೆ ಬದಲಿಸಬಹುದಾದ ಕಂಬ. ಒಳ್ಳೆಯವೂ ಉಂಟು, ಬರಿಯ ಬಣ್ಣದವೂ ಉಂಟು. ಕೊಳ್ಳುವವನು ಕೇಳಬೇಕಾದದ್ದು ಇಷ್ಟು: ಸ್ಪ್ರಿಂಗಿನ ಗಡುಸು ಎಷ್ಟು, ಎತ್ತರ ತಗ್ಗಿಸಿದಾಗ ಗಾಲಿ ಏರಿಳಿಯುವ ಅವಕಾಶವೂ ತಗ್ಗುತ್ತದೆಯೇ, ಸೀಲು ಸೋರಿದರೆ ಬಿಚ್ಚಿ ಸರಿಮಾಡುವವರು ಈ ದೇಶದಲ್ಲಿದ್ದಾರೆಯೇ. ಉತ್ತರ ತಡವರಿಸಿದರೆ ಹಣ ಕಿಸೆಯಲ್ಲಿರುವುದೇ ಲೇಸು. ತಿರುಗಿಸುವ ಗುಂಡಿಗಳಿದ್ದರೆ ಶನಿವಾರ ಬಿಗಿ, ಸೋಮವಾರ ಸಡಿಲ ಮಾಡಿಕೊಳ್ಳಬಹುದು. ಆದರೆ ಗುಂಡಿ ಬದಲಿಸುವುದು ಕಡಿವಾಣವನ್ನೇ ಹೊರತು ಸ್ಪ್ರಿಂಗನ್ನಲ್ಲ.

ಇನ್ನೂ ಒಂದು ಮಾತು. ಮೊದಲ ಸಲ ಪಥಕ್ಕೆ ಹೋಗುವವನಿಗೆ ಇದಾವುದೂ ಬೇಕಿಲ್ಲ. ಒಳ್ಳೆಯ ಟೈರು, ಶಾಖ ತಾಳುವ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಎಣ್ಣೆ, ಸರಿಯಾದ ಅಲೈನ್‌ಮೆಂಟು ಸಾಕು. ಕಾರ್ಖಾನೆಯ ಸ್ಪ್ರಿಂಗಿನಲ್ಲೇ ಎರಡು ಮೂರು ಸಲ ಓಡಿಸಿದವನಿಗೆ ಕಾರಿನ ಕೊರತೆ ಯಾವುದು, ತನ್ನ ಕೊರತೆ ಯಾವುದು ಎಂಬುದು ತಿಳಿಯುತ್ತದೆ. ಎರಡನೆಯದನ್ನು ಅಂಗಡಿಯಲ್ಲಿ ಮಾರುವುದಿಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೆಲಸಕ್ಕೆ ಕೈಹಾಕುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮಾ ಸಂಸ್ಥೆಗೆ ಬರೆದು ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯುವುದು ಮೇಲು.

ತುಮಕೂರಿನಿಂದ ಹಿಂದಿರುಗಿದ ಮಗ ಆ ರಾತ್ರಿ ಕಾಗದ ಪೆನ್ಸಿಲು ಹಿಡಿದು ಕೂತ. 6 ಕಿಲೋ ಸ್ಪ್ರಿಂಗುಗಳನ್ನು ತೆಗೆಸಿ ಮಾರುವುದು. ಅವುಗಳ ಸ್ಥಳದಲ್ಲಿ 3 ಕಿಲೋದವು. ನಿಮಿಷಕ್ಕೆ 95 ತೂಗಾಟ. ಅವಕ್ಕೆ ಹೊಂದುವ ಒಂಟಿ ಕೊಳವೆಯ ಷಾಕ್ ಅಬ್ಸಾರ್ಬರು. ಎತ್ತರದಲ್ಲಿ ಇಳಿತ 15 ಮಿಲಿಮೀಟರಿಗಿಂತ ಹೆಚ್ಚಿಲ್ಲ. ಪಥದಲ್ಲಿ ಸುತ್ತಿಗೆ ಒಂದೆರಡು ಸೆಕೆಂಡು ಹೋದರೆ ಹೋಗಲಿ. ಹೆಂಡತಿ ಬಂದು ಲೆಕ್ಕದ ಕೊನೆಯ ಸಾಲು ನೋಡಿದಳು.

"ಮೊದಲೇ ಇದನ್ನೇ ಹಾಕಿಸಿದ್ದರೆ ಆಗುತ್ತಿರಲಿಲ್ಲವೆ?"

"ಆಗ ಅದು ಕೆಳಗೆ ಕೂತ ಹಾಗೆ ಕಾಣುತ್ತಿರಲಿಲ್ಲ."

ತಿಂಗಳು ಕಳೆದ ಮೇಲೆ ಮತ್ತೊಂದು ಪ್ರಯಾಣ ಬಂತು, ಈ ಸಲ ಮೈಸೂರಿಗೆ. ತಾಯಿ ಮರುಮಾತಿಲ್ಲದೆ ಬಂದು ಕಾರು ಹತ್ತಿದರು. ಎಲ್ಲಕ್ಕೂ ಇರಲಿ ಎಂದು ಮುಂದಿನ ಸೀಟಿನಲ್ಲಿ ಕುಳಿತರು.